ದಿನಾ ಒಂದು ಗಂಟೆ ನಡೆದ್ರೂ ತೂಕ ಯಾಕೆ ಇಳಿಯುದಿಲ್ಲ?

ಪ್ರಶ್ನೆ: ನಂಗೆ 42 ವರ್ಷ, ಹೈಟ್ 5 ಅಡಿ 3 ಇಂಚು, ತೂಕ 78 ಕೆಜಿ. ಮೂರು ತಿಂಗಳಿಂದ ದಿನಾ ಬೆಳಿಗ್ಗೆ ಅಜ್ಜರಕಾಡಿನಲ್ಲಿ ಒಂದು ಗಂಟೆ ವಾಕಿಂಗ್ ಮಾಡ್ತೇನೆ, ರಾತ್ರಿ ಕುಚ್ಚಲಕ್ಕಿ ಅನ್ನ ಬಿಟ್ಟು ಚಪಾತಿ ತಿನ್ನುದು. ಇಳಿದದ್ದು ಬರೀ ಒಂದು ಕೆಜಿ. ಜಿಮ್ಮಿಗೆ ಹೋಗಿ ಅಂತ ಮಗ ಹೇಳ್ತಾನೆ, ಆದ್ರೆ ಹೆಂಗಸರು ಭಾರ ಎತ್ತಿದ್ರೆ ಮೈ ಗಂಡಸರ ಹಾಗೆ ಆಗ್ತದಂತೆ. ಇನ್ನೆಂತ ಮಾಡ್ಬೇಕು?

ಈ ಪ್ರಶ್ನೆ ಬಂದದ್ದು ಉಡುಪಿಯಿಂದ, ಆದ್ರೆ ಇದನ್ನೇ ಸ್ವಲ್ಪ ಆಚೀಚೆ ಮಾಡಿ ಕದ್ರಿ ಪಾರ್ಕಿನಲ್ಲಿ ನಡಿಯುವವರೂ ಕೇಳ್ತಾರೆ, ಮಲ್ಪೆ ಬೀಚಲ್ಲಿ ನಡಿಯುವವರೂ ಕೇಳ್ತಾರೆ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೇನೆ.

ಅಕ್ಕ, ಆ ಒಂದು ಕೆಜಿಗೆ "ಬರೀ" ಅಂತ ಹೇಳ್ಬೇಡಿ. ಲೆಕ್ಕ ಹಾಕಿ ನೋಡುವ. 78 ಕೆಜಿ ಇರುವವರು ಒಂದು ಗಂಟೆ ಸಾಧಾರಣ ಸ್ಪೀಡಲ್ಲಿ ನಡೆದ್ರೆ, ಆ ಹೊತ್ತು ಸುಮ್ನೆ ಕೂತಿದ್ರೂ ಖರ್ಚಾಗ್ತಿದ್ದದ್ದನ್ನು ಕಳೆದು, ಹೆಚ್ಚಿಗೆ ಖರ್ಚಾಗುದು ಸುಮಾರು 200 ಕ್ಯಾಲೊರಿ. ಮೈಯಲ್ಲಿರುವ ಒಂದು ಕೆಜಿ ಕೊಬ್ಬು ಅಂದ್ರೆ ಸುಮಾರು 7,700 ಕ್ಯಾಲೊರಿ. 90 ದಿನ ಒಂದು ದಿನವೂ ತಪ್ಪಿಸದೆ ನಡೆದ್ರೆ 18,000, ಅಂದ್ರೆ ಎರಡೂಕಾಲು ಕೆಜಿ ಚಿಲ್ಲರೆ, ಅದೂ ತಿನ್ನುದು ಒಂದು ತುತ್ತೂ ಹೆಚ್ಚಾಗದಿದ್ರೆ. ನಡೆದು ಬಂದವರಿಗೆ ಹಸಿವೆ ಜಾಸ್ತಿ, "ಇವತ್ತು ನಡೆದಿದ್ದೇನಲ್ಲ" ಅಂತ ಮನಸ್ಸು ಬೇರೆ ಹೇಳ್ತದೆ, ವಾಪಸ್ ಬರುವಾಗ ಹೋಟ್ಲಲ್ಲಿ ಒಂದು ಬನ್ಸ್ ಮತ್ತು ಚಾ ಆದ್ರೆ ಆ ಗಂಟೆಯ ನಡಿಗೆ ಹೆಚ್ಚುಕಮ್ಮಿ ಅಲ್ಲಿಗೇ ಸರಿ ಹೋಯ್ತು. ನಡಿಗೆ ಬಿಡಿ ಅಂತ ನಾನು ಹೇಳುದಲ್ಲ, ಖಂಡಿತ ಬಿಡ್ಬೇಡಿ. ಹಾರ್ಟಿಗೆ, ಬಿಪಿಗೆ, ಶುಗರಿಗೆ, ನಿದ್ದೆಗೆ ಅದು ಒಳ್ಳೇದು, ವಾರಕ್ಕೆ 150ರಿಂದ 300 ನಿಮಿಷ ಇಂಥ ವ್ಯಾಯಾಮ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ, ನೀವು ಅದಕ್ಕಿಂತ ಜಾಸ್ತಿಯೇ ಮಾಡ್ತಾ ಇದ್ದೀರಿ. ತೂಕ ಇಳಿಸುವ ಕೆಲಸ ಪೂರ್ತಿ ನಡಿಗೆಯ ತಲೆ ಮೇಲೆ ಹಾಕಿದ್ದು ಮಾತ್ರ ತಪ್ಪು.

ಇನ್ನು ಕುಚ್ಚಲಕ್ಕಿ. ನಮ್ಮ ಊರಲ್ಲಿ ಯಾರು ಡಯಟ್ ಶುರು ಮಾಡಿದ್ರೂ ಮೊದ್ಲು ಮನೆಯಿಂದ ಹೊರಗೆ ಹಾಕುದು ಅದನ್ನೇ, ನಂಗೆ ನಿಜವಾಗಿ ಬೇಜಾರಾಗ್ತದೆ. 100 ಗ್ರಾಂ ಅಕ್ಕಿ ಮತ್ತು 100 ಗ್ರಾಂ ಗೋಧಿಹಿಟ್ಟು, ಎರಡರಲ್ಲೂ ಇರುದು ಹೆಚ್ಚುಕಮ್ಮಿ ಒಂದೇ, 350 ಕ್ಯಾಲೊರಿ ಹತ್ತಿರ. ಒಂದು ಸೌಟು ಅನ್ನದ ಜಾಗದಲ್ಲಿ ಎಣ್ಣೆ ಸವರಿದ ಮೂರು ಚಪಾತಿ ಬಂದ್ರೆ ತೂಕ ಇಳಿಯುದು ಹೇಗೆ? ಚಪಾತಿಯಲ್ಲಿ ನಾರು, ಪ್ರೋಟೀನ್ ಸ್ವಲ್ಪ ಜಾಸ್ತಿ ಹೌದು, ಇಷ್ಟ ಇದ್ರೆ ತಿನ್ನಿ, ಆದ್ರೆ ಗಂಜಿ ಉಂಡು ಬೆಳೆದವರು ಇಷ್ಟ ಇಲ್ಲದ್ದನ್ನು ಎಷ್ಟು ದಿನ ತಿಂತಾರೆ ಮಾರಾಯ್ರೆ? ಅನ್ನ ಇರ್ಲಿ, ಅಳತೆ ಮಾಡಿ ಬಡಿಸಿ. ಒಂದು ಚಿಕ್ಕ ಗಿಣ್ಣಲು ಇಟ್ಕೊಳ್ಳಿ, ಊಟಕ್ಕೆ ಅದ್ರಲ್ಲಿ ಒಂದೇ ಸಲ, ಇನ್ನೂ ಬೇಕು ಅಂತ ಆದ್ರೆ ಬಸಳೆಯೋ ಹರಿವೆಯೋ ಅಲಸಂಡೆ ಪಲ್ಯವೋ ಇನ್ನೊಮ್ಮೆ ಹಾಕ್ಕೊಳ್ಳಿ.

ಕಣ್ಣಿಗೆ ಕಾಣದ ಕ್ಯಾಲೊರಿ ಇರುದು ತೆಂಗಿನಕಾಯಿ, ಎಣ್ಣೆ ಮತ್ತು ಸಂಜೆ ನಾಲ್ಕು ಗಂಟೆ, ಈ ಮೂರರಲ್ಲಿ. ತೆಂಗಿನಕಾಯಿ ವಿಷ ಅಲ್ಲ, ನಮ್ಮ ಅಡಿಗೆ ಅದಿಲ್ಲದೆ ಇಲ್ಲ, ಆದ್ರೆ 100 ಗ್ರಾಂ ತುರಿಯಲ್ಲಿ 350 ಕ್ಯಾಲೊರಿ ಉಂಟು, ಬೆಳಿಗ್ಗೆ ಚಟ್ನಿ, ಮಧ್ಯಾಹ್ನ ಗಸಿ, ಪಲ್ಯಕ್ಕೆ ಮೇಲಿಂದ ತುರಿ, ನೀರ್ ದೋಸೆ ಆದ್ರೆ ಜೊತೆಗೆ ಕಾಯಿಬೆಲ್ಲ, ಹೀಗೆ ಕೂಡಿಸ್ತಾ ಹೋದ್ರೆ ಒಬ್ಬೊಬ್ಬರ ಹೊಟ್ಟೆಗೆ ಎಷ್ಟು ಹೋಯ್ತು ಅಂತ ಗೊತ್ತೇ ಆಗುದಿಲ್ಲ. ಊಟಕ್ಕೆ ಒಂದೇ ಪದಾರ್ಥಕ್ಕೆ ಕಾಯಿ ಹಾಕಿ ಸಾಕು, ಗಸಿ ಮಾಡಿದ ದಿನ ಪಲ್ಯ ಕಾಯಿ ಇಲ್ಲದ್ದು. ಮೀನಾದ್ರೆ ವಾರದಲ್ಲಿ ಎರಡು ಸಲ ಕಾಯಿ ಅರೆಯದೆ ಪುಳಿಮುಂಚಿ ಮಾಡ್ಬಹುದು, ರುಚಿಗೆ ಅದೇನೂ ಕಮ್ಮಿ ಅಲ್ಲ. ಎಣ್ಣೆ ಒಂದು ದೊಡ್ಡ ಚಮಚ ಅಂದ್ರೆ 120 ಕ್ಯಾಲೊರಿ, ತೆಂಗಿನೆಣ್ಣೆ ಆದ್ರೂ ಅಷ್ಟೇ, ಸನ್‌ಫ್ಲವರ್ ಆದ್ರೂ ಅಷ್ಟೇ, ಬಾಟ್ಲಿಯಿಂದ ಸೀದಾ ಬಾಣಲೆಗೆ ಹೊಯ್ಯುದು ಬಿಟ್ಟು ಚಮಚದಲ್ಲಿ ಹಾಕಿ. ದಿನಕ್ಕೆ ನಾಲ್ಕು ಚಾ, ಎರಡೆರಡು ಚಮಚ ಸಕ್ಕರೆ ಅಂದ್ರೆ 40 ಗ್ರಾಂ, 160 ಕ್ಯಾಲೊರಿ. ಜೊತೆಗೆ ಗೋಳಿಬಜೆ, ಖಾರ, ರಸ್ಕು. ನಡಿಗೆಯಿಂದ 200, ಇಲ್ಲಿಂದ ಒಂದು 300 ಉಳಿಸಿದ್ರೆ ದಿನಕ್ಕೆ 500 ಆಯ್ತು, ವಾರಕ್ಕೆ ಅರ್ಧ ಕೆಜಿ ಹತ್ತಿರ ಇಳೀತದೆ, ಮೈ ಹಗುರ ಆದ ಹಾಗೆ ಆ ಸ್ಪೀಡ್ ಕಮ್ಮಿ ಆಗ್ತದೆ, ಅದಕ್ಕೆ ಹೆದರ್ಲಿಕ್ಕಿಲ್ಲ. ಜೀರಿಗೆ ನೀರು, ನಿಂಬೆ-ಜೇನು, ಡಿಟಾಕ್ಸ್ ಪುಡಿ ಕೊಬ್ಬು ಕರಗಿಸುದಿಲ್ಲ, ಆ ದುಡ್ಡಲ್ಲಿ ಮೊಟ್ಟೆ ತಗೊಳ್ಳಿ.

ಮೊಟ್ಟೆ ಅಂತ ಸುಮ್ನೆ ಹೇಳಿದ್ದಲ್ಲ. ನಮ್ಮ ಬಟ್ಟಲಲ್ಲಿ ನಿಜವಾಗಿ ಕಮ್ಮಿ ಇರುದು ಪ್ರೋಟೀನ್. ಬೆಳಿಗ್ಗೆ ಇಡ್ಲಿ ಅಥವಾ ಪುಂಡಿ, ಮಧ್ಯಾಹ್ನ ಅನ್ನ ಸಾರು, ಸಂಜೆ ಅವಲಕ್ಕಿ, ರಾತ್ರಿ ಗಂಜಿ ಉಪ್ಪಿನಕಾಯಿ, ಎಲ್ಲ ಅಕ್ಕಿಯೇ. ಸಾಧಾರಣವಾಗಿ ಒಂದು ಕೆಜಿ ತೂಕಕ್ಕೆ 0.83 ಗ್ರಾಂ ಅಂತ ನಮ್ಮ ದೇಶದ ಲೆಕ್ಕ, ತೂಕ ಇಳಿಸ್ತಾ ಭಾರ ಎತ್ತುವವರಿಗೆ ಅದಕ್ಕಿಂತ ಜಾಸ್ತಿ ಬೇಕು, ನಿಮಗೆ ದಿನಕ್ಕೆ 70ರಿಂದ 80 ಗ್ರಾಂ ಇಟ್ಕೊಳ್ಳುವ. ಎರಡು ಮೊಟ್ಟೆಯಲ್ಲಿ 12, ನೂರು ಗ್ರಾಂ ಬಂಗುಡೆಯಲ್ಲಿ 20ರ ಹತ್ತಿರ, ಒಂದು ದೊಡ್ಡ ಗಿಣ್ಣಲು ಹೆಸರುಕಾಳು ಅಥವಾ ಹುರುಳಿ ಬೇಯಿಸಿದ್ದರಲ್ಲಿ ಒಂದು 14, ಒಂದು ಲೋಟ ಮೊಸರಲ್ಲಿ 7, ಉಳಿದದ್ದು ಅಕ್ಕಿ, ಬೇಳೆ, ಹಾಲಿನಿಂದ ಬರ್ತದೆ. ಹುರುಳಿ ಸಾರು ಮಾಡುವಾಗ ಬರೀ ಕಟ್ಟು ಬಸಿದು ಕಾಳನ್ನು ದನಕ್ಕೆ ಹಾಕ್ಬೇಡಿ, ಪ್ರೋಟೀನ್ ಹೆಚ್ಚು ಇರುದು ಕಾಳಲ್ಲೇ. ಜೂನ್ 1ರಿಂದ ಜುಲೈ 31ರ ವರೆಗೆ ಬೋಟ್ ಕಡಲಿಗೆ ಇಳಿಯುದಿಲ್ಲ, ಮೀನಿಗೆ ರೇಟು ಏರ್ತದೆ, ಆಗ ಒಣಮೀನು ಅಂತ ಹೋದ್ರೆ ಅದ್ರಲ್ಲಿ ಉಪ್ಪು ತುಂಬಾ, ಬಿಪಿ ಇರುವವರಿಗೆ ಆಗುದಿಲ್ಲ, ಹಾಗಾಗಿ ಆ ಎರಡು ತಿಂಗಳು ಮೊಟ್ಟೆ, ಕೋಳಿ, ಕಡ್ಲೆ. ಸಸ್ಯಾಹಾರಿಗಳಿಗೆ ಕಾಳು, ಮೊಸರು, ಪನೀರ್, ಸೋಯಾ. ಚಾತುರ್ಮಾಸ್ಯ ಮಾಡುವ ಮನೆಯಾದ್ರೆ ಮೊಸರು ಬಿಡುವ ದಧಿ ವ್ರತದ ತಿಂಗಳು ಕಾಳು ಜಾಸ್ತಿ ಮಾಡಿ, ಬೇಳೆಕಾಳು ಬಿಡುವ ದ್ವಿದಳ ವ್ರತದ ತಿಂಗಳು ಹಾಲು ಮೊಸರು ಜಾಸ್ತಿ ಮಾಡಿ, ವ್ರತವೂ ನಡೀತದೆ ಇದೂ ನಡೀತದೆ. ಕಿಡ್ನಿ ತೊಂದ್ರೆ ಇರುವವರು ಮಾತ್ರ ಡಾಕ್ಟ್ರನ್ನು ಕೇಳದೆ ಪ್ರೋಟೀನ್ ಏರಿಸ್ಬಾರ್ದು.

ಈಗ ಭಾರ ಎತ್ತುವ ವಿಷಯ, ನಂಗೆ ಹೆಚ್ಚು ಹೇಳ್ಲಿಕ್ಕಿರುದು ಇದೇ. ನನ್ನ ಅಮ್ಮ ಬಾವಿಯಿಂದ ನೀರು ಸೇದಿದವರು, ಕಡೆಯುವ ಕಲ್ಲಲ್ಲಿ ದಿನಾ ಹಿಟ್ಟು ಕಡೆದವರು, ಮಳೆಗಾಲದಲ್ಲಿ ನೇಜಿ ನೆಟ್ಟವರು. ಆಮೇಲೆ ಪಂಪು ಬಂತು, ಗ್ರೈಂಡರ್ ಬಂತು, ಗದ್ದೆ ಹಡಿಲು ಬಿತ್ತು, ಅಮ್ಮ ಬೀಡಿ ಕಟ್ಟಿಕೊಂಡು ದಿನಪೂರ್ತಿ ಕೂತದ್ದು. ತೂಕ ಅಂಥಾದ್ದೇನೂ ಏರ್ಲಿಲ್ಲ, ಆದ್ರೆ 65 ಆಗುವಾಗ ನೆಲದಿಂದ ಏಳ್ಳಿಕ್ಕೆ ಗೋಡೆ ಬೇಕಾಯ್ತು, ನಾವು ಅದನ್ನು ವಯಸ್ಸು ಅಂತ ಬಿಟ್ವಿ. ವಯಸ್ಸು ಅಷ್ಟೇ ಅಲ್ಲ ಅದು, ಕಾಲಿನ ಸ್ನಾಯು ಕರಗಿದ್ದು. 30 ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಶೇಕಡಾ 3ರಿಂದ 8ರಷ್ಟು ಸ್ನಾಯು ಹೋಗ್ತದೆ, ಅದ್ರ ಮೇಲೆ ಬರೀ ಊಟ ಕಮ್ಮಿ ಮಾಡಿ ತೂಕ ಇಳಿಸಿದ್ರೆ ಇಳಿದದ್ದರಲ್ಲಿ ಸುಮಾರು ಕಾಲು ಭಾಗ ಕೊಬ್ಬಲ್ಲ, ಸ್ನಾಯು ಮತ್ತೆ ನೀರಿನಂಥದ್ದು. ಅಂದ್ರೆ 8 ಕೆಜಿ ಇಳಿಸಿದ್ದೇನೆ ಅಂತ ಖುಷಿ ಪಡುವಾಗ ಅದ್ರಲ್ಲಿ 2 ಕೆಜಿ ನಿಮಗೆ ಬೇಕಾದ್ದೇ ಹೋಗಿರ್ತದೆ. ಅದನ್ನು ತಡಿಲಿಕ್ಕೆ ಭಾರ ಎತ್ತುದು. ಸ್ನಾಯು ಬಂದ್ರೆ ಕೂತಲ್ಲೇ ರಾಶಿ ಕ್ಯಾಲೊರಿ ಉರೀತದೆ ಅಂತ ಜಿಮ್ಮಲ್ಲಿ ಹೇಳ್ತಾರೆ, ಅದು ನಂಬ್ಬೇಡಿ, ಒಂದು ಕೆಜಿ ಸ್ನಾಯು ಸುಮ್ನೆ ಇರುವಾಗ ಉರಿಸುದು ದಿನಕ್ಕೆ ಸುಮಾರು 13 ಕ್ಯಾಲೊರಿ. ಭಾರ ಎತ್ತಬೇಕಾದ್ದು ಅದಕ್ಕಲ್ಲ, ಶುಗರ್ ಹಿಡಿತದಲ್ಲಿರ್ಲಿಕ್ಕೆ, ಮೂಳೆ ಗಟ್ಟಿ ಇರ್ಲಿಕ್ಕೆ, 70ರಲ್ಲಿ ನಿಮ್ಮಷ್ಟಕ್ಕೆ ಏಳ್ಲಿಕ್ಕೆ.

ಗಂಡಸರ ಹಾಗೆ ಆಗುದಿಲ್ಲ ಅಕ್ಕ. ಗಂಡಸರಿಗೆ ಅಂಥ ಮೈಕಟ್ಟು ಕೊಡುವ ಟೆಸ್ಟೋಸ್ಟಿರೋನ್ ಹಾರ್ಮೋನ್ ಹೆಂಗಸರಲ್ಲಿ ಇರುದೇ ತುಂಬಾ ಕಮ್ಮಿ. ತಲೆಯಲ್ಲಿ ಒಂದು, ಸೊಂಟದಲ್ಲಿ ಒಂದು ಅಂತ ಕೊಡಪಾನ ಹೊತ್ತ ನಮ್ಮ ಅಜ್ಜಿಯಂದಿರು ಗಂಡಸರ ಹಾಗೆ ಆದ್ರಾ? ಹೊಟ್ಟೆಯ ವ್ಯಾಯಾಮ ಮಾಡಿದ್ರೆ ಹೊಟ್ಟೆಯ ಕೊಬ್ಬು ಮಾತ್ರ ಹೋಗ್ತದೆ ಅನ್ನುದೂ ಸುಳ್ಳು, ಕೊಬ್ಬು ಹೋಗುದು ಇಡೀ ಮೈಯಿಂದ.

ಜಿಮ್ಮೇ ಬೇಕಂತ ಇಲ್ಲ, ವಾರಕ್ಕೆ ಎರಡು ದಿನ ಅರ್ಧರ್ಧ ಗಂಟೆಯಿಂದ ಶುರು ಮಾಡಿ. ಕುರ್ಚಿಯಲ್ಲಿ ಕೂತು ಕೈ ಊರದೆ ಏಳುದು ಹತ್ತು ಸಲ, ಒಗೆಯುವ ಕಲ್ಲಿಗೆ ಎರಡೂ ಕೈ ಊರಿ ಪುಷ್-ಅಪ್ ಹತ್ತು ಸಲ, ಅದು ಕಷ್ಟ ಆದ್ರೆ ಮೊದ್ಲು ಗೋಡೆಗೆ, ಐದು ಕೆಜಿ ಅಕ್ಕಿ ಚೀಲವನ್ನು ಬಗ್ಗಿ ಹೊಟ್ಟೆ ಹತ್ತಿರ ಎಳೆಯುದು ಒಂದೊಂದು ಕೈಗೆ ಹತ್ತು ಸಲ, ಆಮೇಲೆ ಎರಡು ಬಕೆಟಿಗೆ ಐದೈದು ಲೀಟರ್ ನೀರು ತುಂಬಿಸಿ ಅಂಗಳದಲ್ಲಿ ಬೆನ್ನು ನೆಟ್ಟಗೆ ಇಟ್ಟು ನಡಿಯುದು. ಇಷ್ಟನ್ನೂ ಎರಡು ಸುತ್ತು, ಮಧ್ಯ ಒಂದೆರಡು ನಿಮಿಷ ಸುಧಾರಿಸ್ಕೊಳ್ಳಿ. ಸುಲಭ ಆಯ್ತು ಅಂತ ಆದ್ಮೇಲೆ ಭಾರ ಏರಿಸ್ಬೇಕು, ಬಕೆಟಿಗೆ ಏಳು ಲೀಟರ್, ಆಮೇಲೆ ಹತ್ತು. ಅದೇ ಐದು ಲೀಟರನ್ನು ವರ್ಷಪೂರ್ತಿ ಎತ್ತಿದ್ರೆ ಮೈ ಅಲ್ಲೇ ನಿಲ್ತದೆ. ಹತ್ತನೇ ಸಲ ಎತ್ತುವಾಗ "ಇನ್ನು ಹೆಚ್ಚಂದ್ರೆ ಎರಡು ಸಲ" ಅಂತ ಅನಿಸ್ಬೇಕು, ಅಷ್ಟು ಭಾರ ಸರಿ. ಮರುದಿನ ಮೈಕೈ ನೋವು ಬರ್ತದೆ, ಎರಡು ಮೂರು ದಿನದಲ್ಲಿ ಹೋಗ್ತದೆ, ಕೈಕಾಲಿನ ಗಂಟಿನಲ್ಲಿ ಚುಚ್ಚಿದ ಹಾಗೆ ನೋವಾದ್ರೆ ಅದು ಬೇರೆ, ನಿಲ್ಲಿಸಿ ತೋರಿಸ್ಬೇಕು. ಮಳೆಗಾಲದಲ್ಲಿ ವಾರಗಟ್ಟಲೆ ಹೊರಗೆ ಕಾಲಿಡ್ಲಿಕ್ಕೆ ಆಗುದಿಲ್ಲ, ಆಗ ಚಾವಡಿಯಲ್ಲೇ ಇದನ್ನು ಮೂರು ದಿನ ಮಾಡಿ. ನನ್ನ ಅಮ್ಮ 66ಕ್ಕೆ ಕುರ್ಚಿಯಿಂದ ಏಳುದ್ರಿಂದ ಶುರು ಮಾಡಿದ್ದು, ನಾಲ್ಕು ತಿಂಗಳಾದ್ಮೇಲೆ ಚಾಪೆಯಿಂದ ಗೋಡೆ ಹಿಡಿಯದೆ ಎದ್ರು, ಆ ದಿನ ನಂಗೆ ಕಣ್ಣೀರು ಬಂತು. ಜಿಮ್ಮಿಗೇ ಹೋಗುದಾದ್ರೆ ಹೋಗಿ, ಒಳ್ಳೇದು, ಮೊದಲ ತಿಂಗಳು ಭಾರಕ್ಕಿಂತ ಎತ್ತುವ ಕ್ರಮ ಕಲಿಸುವ ಟ್ರೈನರ್ ಇದ್ದಾರಾ ಅಂತ ನೋಡಿ ಸೇರಿ.

ಶುರು ಮಾಡುವ ಮೊದ್ಲು ಒಂದು ಸಲ ಬಿಪಿ, ಶುಗರ್, ಥೈರಾಯ್ಡ್ ನೋಡಿಸಿ. ನಿಮ್ಮ ಬಿಎಂಐ, ಅಂದ್ರೆ ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ, 30 ದಾಟಿದೆ, ಭಾರತದವರಿಗೆ 23 ದಾಟಿದ್ರೇ ಜಾಗ್ರತೆ ಅಂತ ಹೇಳುದು, ಹಾಗಾಗಿ ಇದು ಬರೀ ಚಂದಕ್ಕೆ ಮಾಡುವ ಕೆಲಸ ಅಲ್ಲ. ಗ್ಲಿಮೆಪಿರೈಡ್ ಅಂಥ ಶುಗರ್ ಮಾತ್ರೆಯೋ ಇನ್ಸುಲಿನೋ ತಗೊಳ್ತಿದ್ರೆ ಊಟ ಕಮ್ಮಿ ಮಾಡುವ ಮೊದ್ಲೇ ಡಾಕ್ಟ್ರಿಗೆ ಹೇಳಿ, ಡೋಸ್ ಬದಲಾಯಿಸದಿದ್ರೆ ಶುಗರ್ ಲೋ ಆಗಿ ತಲೆ ತಿರುಗಿ ಬೀಳುದುಂಟು.

ಮತ್ತೆ, ದಿನಾ ತೂಕ ನೋಡ್ಬೇಡಿ. ಭಾರ ಎತ್ತಲಿಕ್ಕೆ ಶುರು ಮಾಡಿದ ಮೊದಲ ವಾರಗಳಲ್ಲಿ ಸ್ನಾಯು ನೀರು ಹಿಡಿದು ತೂಕ ಒಂದು ಕೆಜಿ ಏರಿದ್ರೂ ಏರ್ಬಹುದು, ನೇಮದ್ದೋ ಮದುವೆಯದ್ದೋ ಊಟ ಆದ ಮರುದಿನವೂ ಹಾಗೇ. ಹೊಲಿಗೆಯ ಟೇಪು ಇದ್ರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಉಸಿರು ಬಿಟ್ಟು, ಸೊಂಟ ಅಳೆದು ಬರೆದಿಡಿ. ಹೆಂಗಸರಿಗೆ 80 ಸೆಂಟಿಮೀಟರ್ ಒಳಗೆ, ಗಂಡಸರಿಗೆ 90ರ ಒಳಗೆ ಇದ್ರೆ ಒಳ್ಳೇದು, ಅಲ್ಲಿಗೆ ಮುಟ್ಲಿಕ್ಕೆ ಸಮಯ ಬೇಕು. ಆರು ವಾರ ಮಾಡಿ, ಆಮೇಲೆ ನಂಗೆ ಇನ್ನೊಮ್ಮೆ ಬರೆಯುವಾಗ ತೂಕದ ಜೊತೆಗೆ ಸೊಂಟದ ಅಳತೆ ಎಷ್ಟು, ಬಕೆಟಲ್ಲಿ ಎಷ್ಟು ಲೀಟರ್ ಅಂತ ಕೂಡ ಬರೀರಿ.