ಮಲಗಿದ ಗೋಧಿ ಎದ್ದು ನಿಲ್ಲುವುದು ಹೇಗೆ?

ದುಡ್ಡು ಕಡಿಮೆ ಇರುವ ವೈಜ್ಞಾನಿಕ ಥ್ರಿಲ್ಲರ್ ಸಿನಿಮಾಗಳಿಗೆ ಹೊಲ ಅಂದರೆ ಬಲು ಇಷ್ಟ. ಸೆಟ್ ಹಾಕಬೇಕಿಲ್ಲ. ರಾತ್ರಿ ಹೊತ್ತು ಎತ್ತರದ ಪೈರು ಅಲ್ಲಾಡಿದರೆ ಸಾಕು, ಒಳಗೆ ಏನಿದೆ ಎಂದು ತೋರಿಸದೆಯೇ ಹೆದರಿಸಬಹುದು. ಅನ್ಯಗ್ರಹದ ನೌಕೆ ತೋರಿಸಲು ದುಡ್ಡಿಲ್ಲವೇ? ಅದು ಇಳಿದು ಹೋದ ಗುರುತು ತೋರಿಸಿದರಾಯಿತು. ಬೆಳಿಗ್ಗೆ ರೈತ ಎದ್ದು ನೋಡುತ್ತಾನೆ. ಗೋಧಿ ಹೊಲದ ನಡುವೆ ದೊಡ್ಡ ವೃತ್ತ, ಪೈರೆಲ್ಲ ಸುತ್ತಿ ಸುತ್ತಿ ನೆಲಕ್ಕೆ ಮಲಗಿದೆ. ಈ ದೃಶ್ಯ ನನಗೂ ಇಷ್ಟ.

ಬೇಸರ ಆಗುವುದು ಅದರ ಮುಂದಿನ ಮಾತಿಗೆ. ಯಾರೋ ಒಬ್ಬರು ಬಗ್ಗಿ ಒಂದು ದಂಟು ಕಿತ್ತು, "ನೋಡಿ, ಇದು ಮುರಿದಿಲ್ಲ. ಗೆಣ್ಣಿನಲ್ಲಿ ಬಾಗಿದೆ, ಗೆಣ್ಣು ಊದಿಕೊಂಡಿದೆ. ಮನುಷ್ಯರ ಕೈಯಲ್ಲಿ ಆಗುವ ಕೆಲಸ ಅಲ್ಲ" ಅನ್ನುತ್ತಾರೆ. ಕತೆಯಲ್ಲಿ ಬಂದರೆ ಬಿಡಬಹುದಿತ್ತು. ಆದರೆ ಇದನ್ನೇ ಸಾಕ್ಷಿ ಎಂದು ನಂಬಿದವರು ಜಾಸ್ತಿ ಇದ್ದಾರೆ.

ಸಿನಿಮಾದ ಆಚೆ, ನಿಜವಾದ ಹೊಲಗಳಲ್ಲಿ ಇಂಥ ವೃತ್ತ ಮಾಡಿದವರು ಯಾರು ಅನ್ನುವುದು ಗುಟ್ಟೇನಲ್ಲ. ದಕ್ಷಿಣ ಇಂಗ್ಲೆಂಡಿನ ಹೊಲಗಳಲ್ಲಿ, ಮುಖ್ಯವಾಗಿ ವಿಲ್ಟ್‌ಷೈರ್ ಕಡೆ, ವರ್ಷ ವರ್ಷವೂ ಇವು ಕಾಣಿಸಿಕೊಳ್ಳುತ್ತಿದ್ದವು. 1991ರಲ್ಲಿ ಡಗ್ ಬೋವರ್ ಮತ್ತು ಡೇವ್ ಚೋರ್ಲಿ ಎಂಬ ಇಬ್ಬರು ಗೆಳೆಯರು ಮುಂದೆ ಬಂದು, 1970ರ ದಶಕದಿಂದ ಇದನ್ನು ಮಾಡುತ್ತಿರುವುದು ತಾವೇ ಎಂದರು. ಸಲಕರಣೆ ಇಷ್ಟೇ: ಒಂದು ಹಲಗೆ, ಒಂದು ಹಗ್ಗ, ಮತ್ತೆ ಗುರಿ ಹಿಡಿದು ನೇರ ನಡೆಯಲು ಟೋಪಿಗೆ ಸಿಕ್ಕಿಸಿದ ತಂತಿ. 1966ರಲ್ಲಿ ಆಸ್ಟ್ರೇಲಿಯಾದ ಟಲ್ಲಿ ಎಂಬಲ್ಲಿ ಜೌಗಿನ ಜೊಂಡು ವೃತ್ತವಾಗಿ ಮಲಗಿತ್ತೆಂಬ ಸುದ್ದಿಯೇ ಅವರಿಗೆ ಪ್ರೇರಣೆ. ಅವರು ಪತ್ರಿಕೆಯವರಿಗಾಗಿ ಮಾಡಿದ ವೃತ್ತವನ್ನು ತಜ್ಞರೆನಿಸಿಕೊಂಡವರೊಬ್ಬರು ನೋಡಿ, ಇದು ಅಸಲಿ ಎಂದೇ ಹೇಳಿದ್ದರು.

ನಂಬುವವರು ಇನ್ನೂ ಹಿಂದಕ್ಕೆ, 1678ರ ಒಂದು ಇಂಗ್ಲಿಷ್ ಕರಪತ್ರಕ್ಕೆ ಹೋಗುತ್ತಾರೆ. ಹರ್ಟ್‌ಫರ್ಡ್‌ಷೈರಿನ ರೈತನೊಬ್ಬ ಕೊಯ್ಲಿನ ಕೂಲಿ ಜಾಸ್ತಿ ಆಯಿತೆಂದು ಸಿಟ್ಟಾಗಿ, "ಇದಕ್ಕಿಂತ ದೆವ್ವವೇ ಕೊಯ್ಯಲಿ" ಅನ್ನುತ್ತಾನೆ. ಆ ರಾತ್ರಿ ದೆವ್ವವೇ ಬಂದು ಓಟ್ಸ್ ಕೊಯ್ದಿತಂತೆ. ಸರಿಯಾಗಿ ಓದಿ: ಅಲ್ಲಿ ಪೈರನ್ನು ಕೊಯ್ದದ್ದು, ಮಲಗಿಸಿದ್ದಲ್ಲ. ನಮ್ಮ ವಿಷಯಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಇನ್ನು ಗೆಣ್ಣಿಗೆ ಬರೋಣ. ಹಸಿ ದಂಟಿನಲ್ಲಿ ನೀರು ತುಂಬಿರುತ್ತದೆ. ಹಲಗೆಯಿಂದ ಮೆಲ್ಲಗೆ ಒತ್ತಿದರೆ ಅದು ಬಾಗುತ್ತದೆ, ಹೆಚ್ಚಿನವು ಮುರಿಯುವುದಿಲ್ಲ. ಆಮೇಲಿನ ಕೆಲಸ ಗಿಡದ್ದೇ.

ಗೋಧಿ ದಂಟು ಬೆಳೆದು ನಿಂತ ಮೇಲೂ ಒಂದು ಜಾಗ ಮಾತ್ರ ಬೆಳೆಯುವ ಶಕ್ತಿ ಉಳಿಸಿಕೊಂಡಿರುತ್ತದೆ. ಅದು ಗೆಣ್ಣಿನ ಸುತ್ತ ಎಲೆಯ ಬುಡದಲ್ಲಿರುವ ದಪ್ಪ ಪಟ್ಟಿ. ಅಲ್ಲಿನ ಕೆಲವು ಜೀವಕೋಶಗಳ ಒಳಗೆ ಪಿಷ್ಟದ ಕಾಳುಗಳಿವೆ. ಸೀಸೆಯ ನೀರಿಗೆ ಮರಳು ಹಾಕಿ ಅಡ್ಡ ಮಲಗಿಸಿ ನೋಡಿ. ತಳದಲ್ಲಿದ್ದ ಮರಳು ಜಾರಿ ಹೊಸ ತಳಕ್ಕೆ ಬಂದು ಕೂರುತ್ತದೆ, ಅಲ್ವಾ? ಹಾಗೆಯೇ ದಂಟು ಮಲಗಿದ ಕೆಲವೇ ನಿಮಿಷಗಳಲ್ಲಿ ಪಿಷ್ಟದ ಕಾಳುಗಳು ಕೋಶದ ಮಗ್ಗುಲಿಗೆ ಬಂದು ಬೀಳುತ್ತವೆ. ಗಾರೆ ಕೆಲಸದವರ ತೂಗುಗುಂಡಿನ ಕೆಲಸ ಇದು. ಕೆಳಗೆ ಯಾವ ಕಡೆ ಎಂದು ಗಿಡಕ್ಕೆ ತಿಳಿಯುತ್ತದೆ.

ತಿಳಿದರೆ ಸಾಲದು, ಏಳಬೇಕು. ಆಕ್ಸಿನ್ ಎಂಬ ಹಾರ್ಮೋನು ಗೆಣ್ಣಿನ ಕೆಳ ಮಗ್ಗುಲಲ್ಲಿ ಜಾಸ್ತಿ ಸೇರುತ್ತದೆ. ಆ ಕಡೆಯ ಕೋಶಗಳು ಉದ್ದವಾಗುತ್ತವೆ, ಮೇಲಿನವು ಇದ್ದಲ್ಲೇ ಇರುತ್ತವೆ. ವಾಲಿದ ಕಾರಿನ ಒಂದು ಪಕ್ಕಕ್ಕೆ ಜಾಕ್ ಕೊಟ್ಟು ಎತ್ತಿದ ಹಾಗೆ, ದಂಟು ಗೆಣ್ಣಿನಲ್ಲಿ ಮಡಚಿ ಮೇಲಕ್ಕೆ ತಿರುಗುತ್ತದೆ. ಬಾಗಿದ ಗೆಣ್ಣು, ಕೆಳಗಡೆ ಊದಿದ ಪಟ್ಟಿ, ಎಲ್ಲವೂ ಇದರಿಂದಲೇ. ಗಾಳಿ ಮಳೆಗೆ ಬಿದ್ದ ಪೈರಿನಲ್ಲೂ ಇದನ್ನೇ ನೋಡಬಹುದು. ಮಾಗಿ ಒಣಗಿದ ಪೈರು ಮಾತ್ರ ಹೀಗೆ ಏಳುವುದಿಲ್ಲ.

ಗಿಡಕ್ಕೆ ದಿಕ್ಕು ತಿಳಿಸುವುದು ಭೂಮಿಯ ಸೆಳೆತ ಎಂದು ಇಂಗ್ಲೆಂಡಿನ ಸಸ್ಯತಜ್ಞ ಥಾಮಸ್ ನೈಟ್ ತೋರಿಸಿದ ಬಗೆಯಂತೂ ಬಹಳ ಚೆಂದ. 1806ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ನೀರಿನ ಬಲದಿಂದ ಜೋರಾಗಿ ತಿರುಗುವ ಚಕ್ರದ ಅಂಚಿಗೆ ಆತ ಬೀಜಗಳನ್ನು ಕಟ್ಟಿದ. ಬೇರುಗಳು ಚಕ್ರದ ಹೊರಕ್ಕೆ ಬೆಳೆದವು, ಚಿಗುರುಗಳು ನಡುವಿನ ಕಡೆಗೆ. ತಿರುಗುವ ಚಕ್ರದಲ್ಲಿ ಗಿಡಕ್ಕೆ ಹೊರಗಡೆಯೇ "ಕೆಳಗೆ" ಆಗಿಬಿಟ್ಟಿತ್ತು.

ಸಿನಿಮಾ ಮಾಡುವವರಿಗೆ ಇದರಲ್ಲೇ ಎಂಥಾ ದೃಶ್ಯ ಇದೆ! ಹಸಿ ಪೈರು ಮಲಗಿರುವಾಗ ವೃತ್ತದ ನಡುವೆ ಕ್ಯಾಮೆರಾ ಇಟ್ಟು, ಸುಮ್ನೆ ಕೆಲವು ದಿನ ಬಿಡಬೇಕು. ಗಂಟೆಗಳನ್ನು ಕ್ಷಣಗಳಾಗಿಸಿ ತೋರಿಸಬೇಕು. ಗಿಡ ಏಳಲು ಬೆಳಕೂ ಬೇಕಿಲ್ಲ, ದಿಕ್ಕು ಹೇಳುವುದು ಒಳಗಿನ ಪಿಷ್ಟದ ಕಾಳು. ಕತ್ತಲೆ ರಾತ್ರಿಯಲ್ಲಿ, ಗಾಳಿ ಇಲ್ಲದೆ, ಯಾರೂ ಮುಟ್ಟದೆ, ಮಲಗಿದ್ದ ಸಾವಿರಾರು ತೆನೆಗಳು ತಾವಾಗಿ ತಲೆ ಎತ್ತುತ್ತವೆ.