ಮೊಬೈಲಿಗೆ ಟಿವಿ: ಚಿಪ್ಪಿನ ದುಡ್ಡು ಕೊಡೋರು ಯಾರು?

ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆರ್‌ಸಿಬಿ ಪಂದ್ಯವಿದ್ದ ಸಂಜೆ ಕ್ವೀನ್ಸ್ ರಸ್ತೆಯಲ್ಲಿ ನಿಂತು ಮೊಬೈಲ್ ತೆರೆದವರಿಗೆ ಗೊತ್ತು: ಸಿಗ್ನಲ್ ಕಡ್ಡಿಗಳೇನೋ ಪೂರ್ತಿ ಇರುತ್ತವೆ, ವಿಡಿಯೊ ಮಾತ್ರ ಸುತ್ತುತ್ತಲೇ ಇರುತ್ತದೆ. ಒಂದೇ ಪಂದ್ಯವನ್ನು ಸಾವಿರ ಜನ ನೋಡಿದರೆ ನೆಟ್‌ವರ್ಕು ಅದನ್ನು ಸಾವಿರ ಸಲ ಕಳಿಸಬೇಕು. ಟಿವಿ ಗೋಪುರಕ್ಕೆ ಈ ತಾಪತ್ರಯವಿಲ್ಲ. ನೋಡುವವರು ಹತ್ತು ಜನವಿರಲಿ, ಹತ್ತು ಲಕ್ಷವಿರಲಿ, ಒಮ್ಮೆ ಬಿತ್ತರಿಸಿದರೆ ಮುಗಿಯಿತು. ಆ ಸಿಗ್ನಲನ್ನೇ ನೇರವಾಗಿ ಮೊಬೈಲಿಗೆ ಕೊಟ್ಟರೇನು?

ಯುರೋಪಿನವರು 2004ರಲ್ಲೇ ಇದಕ್ಕೆಂದು ಡಿವಿಬಿ-ಎಚ್ ಎಂಬ ಮಾನದಂಡ ರೂಪಿಸಿದ್ದರು. ಆಗಿನ ದೊಡ್ಡ ತಲೆನೋವು ಬ್ಯಾಟರಿ. ಸಿಗ್ನಲ್ ಹಿಡಿಯುವ ಟ್ಯೂನರ್ ಸದಾ ಚಾಲೂ ಇದ್ದರೆ ಫೋನು ಬಾಳುವುದಿಲ್ಲ. ಅದಕ್ಕೊಂದು ಜಾಣ ಉಪಾಯ ಹೂಡಿದರು. ವಾಹಿನಿಯ ದತ್ತಾಂಶವನ್ನು ಎಡೆಬಿಡದೆ ಹರಿಸುವ ಬದಲು ಗಂಟು ಕಟ್ಟಿ ಒಂದೇ ಏಟಿಗೆ ಕಳಿಸುವುದು; ಫೋನು ಅದನ್ನು ಮೆಮೊರಿಯಲ್ಲಿ ತುಂಬಿಕೊಂಡು, ಮುಂದಿನ ಗಂಟು ಬರುವ ತನಕ ಟ್ಯೂನರ್ ಆರಿಸಿ, ತುಂಬಿಕೊಂಡಿದ್ದನ್ನೇ ತೋರಿಸುತ್ತಿರುವುದು. ಟ್ಯೂನರಿನ ವಿದ್ಯುತ್ ಬಳಕೆ ಶೇ 90ರಷ್ಟು ಇಳಿಯಿತು.

ತಂತ್ರಜ್ಞಾನ ಗೆದ್ದಿತು, ವ್ಯಾಪಾರ ಸೋತಿತು. ತಿಂಗಳ ಶುಲ್ಕ ಕೇಳಿದರು, ಸಿಗ್ನಲ್ ಹಿಡಿಯುವ ಫೋನುಗಳೋ ಬೆರಳೆಣಿಕೆಯವು. ಅಮೆರಿಕದಲ್ಲಿ ಕ್ವಾಲ್‌ಕಾಮ್‌ನ ಮೀಡಿಯಾಫ್ಲೊ ಎಂಬ ಇಂಥದ್ದೇ ಸೇವೆ 2011ರ ಮಾರ್ಚ್‌ನಲ್ಲಿ ಕಣ್ಣುಮುಚ್ಚಿತು. ಜಪಾನಿನ ಕತೆ ಬೇರೆ. ಅಲ್ಲಿ ಡಿಜಿಟಲ್ ವಾಹಿನಿಯೊಂದರ ತರಂಗವನ್ನು 13 ಪಾಲು ಮಾಡಿ, 12 ಮನೆಯ ಟಿವಿಗೆ, ಒಂದು ಮೊಬೈಲಿಗೆ ಎಂದು ಇಟ್ಟರು. 2006ರ ಏಪ್ರಿಲ್‌ನಲ್ಲಿ ಶುರುವಾದ ಈ 'ವನ್‌ಸೆಗ್' ಪುಕ್ಕಟೆ. ಹಾಗಾಗಿ ಉದ್ದ ಆಂಟೆನಾ ಎಳೆದುಕೊಳ್ಳುವ ಫೋನುಗಳು ಅಲ್ಲಿ ಮಾಮೂಲಾದವು.

ನಮ್ಮಲ್ಲಿ ದೂರದರ್ಶನ 2007ರಲ್ಲಿ ದೆಹಲಿಯಲ್ಲಿ ಡಿವಿಬಿ-ಎಚ್ ಪ್ರಯೋಗ ನಡೆಸಿತು, ಮುಂದೆ ಸಾಗಲಿಲ್ಲ. 2016ರ ಫೆಬ್ರುವರಿಯಲ್ಲಿ ಬೆಂಗಳೂರೂ ಸೇರಿ 16 ನಗರಗಳಲ್ಲಿ ಗೋಪುರದಿಂದ ಬಿತ್ತರವಾಗುವ ಡಿಜಿಟಲ್ ಟಿವಿಯ ಡಿವಿಬಿ-ಟಿ2 ಪ್ರಸಾರ ಬಂತು. ಮೊಬೈಲಿನಲ್ಲಿ ನೋಡಬೇಕೆಂದರೆ ಓಟಿಜಿ ಮೂಲಕ ಡಾಂಗಲ್ ಎಂಬ, ಸಿಗ್ನಲ್ ಹಿಡಿಯುವ ಪುಟ್ಟ ಸಾಧನವನ್ನು ಫೋನಿಗೆ ಸಿಕ್ಕಿಸಬೇಕಿತ್ತು. ಚಂದನ ನೋಡಲು ಡಾಂಗಲ್ ಕೊಳ್ಳುವವರು ಎಷ್ಟು ಮಂದಿ? ಅದೇ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾವನ್ನೇ ಅಗ್ಗ ಮಾಡಿತು.

ಅಷ್ಟಕ್ಕೇ ಮುಗಿಯಬಹುದಿದ್ದ ವಿಷಯಕ್ಕೆ ಮತ್ತೆ ಜೀವ ಬಂದಿದ್ದರಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಇಲ್ಲಿನ ಸಾಂಖ್ಯ ಲ್ಯಾಬ್ಸ್ 2018ರಲ್ಲೇ ಹೊಸ ತಲೆಮಾರಿನ ಟಿವಿ ಸಿಗ್ನಲ್ ಹಿಡಿಯುವ ಚಿಪ್ ಹೊರತಂದಿತ್ತು. ಈಗದು ಬೆಂಗಳೂರಿನದೇ ಆದ ತೇಜಸ್ ನೆಟ್‌ವರ್ಕ್ಸ್ ತೆಕ್ಕೆಯಲ್ಲಿದೆ. ಪ್ರಸಾರ ಭಾರತಿ, ಐಐಟಿ ಕಾನ್ಪುರ ಜೊತೆಗೂಡಿದವು. ಡೈರೆಕ್ಟ್-ಟು-ಮೊಬೈಲ್, ಅಂದರೆ ಡಿ2ಎಂ ಹೆಸರಿನಲ್ಲಿ 2023ರಲ್ಲಿ ಬೆಂಗಳೂರು, ನೋಯ್ಡಾ, ದೆಹಲಿಯ ಕರ್ತವ್ಯ ಪಥದಲ್ಲಿ ಪರೀಕ್ಷೆಗಳಾದವು. ಸಿಮ್ ಬೇಡ, ಡೇಟಾ ಬೇಡ.

ತಕರಾರೂ ಜೊತೆಗೇ ಬಂತು. ಸ್ಯಾಮ್ಸಂಗ್, ಕ್ವಾಲ್‌ಕಾಮ್‌ನಂಥ ಕಂಪನಿಗಳು ಫೋನಿನ ಬೆಲೆ 30 ಡಾಲರ್‌ನಷ್ಟು ಏರುತ್ತದೆ ಎಂದವು. ಅದು ಪೂರ್ತಿ ನೆಪವಲ್ಲ: ಡಿ2ಎಂ ಬಳಸುವ 470ರಿಂದ 582 ಮೆಗಾಹರ್ಟ್ಸ್‌ನ ಉದ್ದ ಅಲೆಗಳಿಗೆ ತಕ್ಕ ಆಂಟೆನಾವನ್ನು ತೆಳ್ಳನೆಯ ಫೋನಿನಲ್ಲಿ ಕೂರಿಸುವುದು ಕಷ್ಟವೇ. ಆದರೆ ಡೇಟಾ ಮಾರಿ ಬದುಕುವ ಟೆಲಿಕಾಂ ಕಂಪನಿಗಳು, ಡೇಟಾ ಬೇಡದ ವಿಡಿಯೊವನ್ನು ಆರತಿ ಎತ್ತಿ ಬರಮಾಡಿಕೊಳ್ಳುತ್ತವೆಂದು ನಿರೀಕ್ಷಿಸುವುದು ಭೋಳೆತನ.

2025ರಲ್ಲಿ ಲಾವಾ, ಎಚ್‌ಎಂಡಿ ಸಾಂಖ್ಯದ ಚಿಪ್ ಇರುವ ಅಗ್ಗದ ಡಿ2ಎಂ ಫೋನುಗಳನ್ನು ತೋರಿಸಿದವು. ದುಬಾರಿ ಸ್ಮಾರ್ಟ್‌ಫೋನ್ ತಯಾರಿಸುವವರನ್ನು ಸರ್ಕಾರ ಕಡ್ಡಾಯದಿಂದ ಒಪ್ಪಿಸುತ್ತದೋ, ಸಬ್ಸಿಡಿ ಕೊಟ್ಟು ಒಪ್ಪಿಸುತ್ತದೋ ಎಂಬುದು ಇನ್ನು ನೋಡಬೇಕಾದದ್ದು.