ಕಂಪ್ಯೂಟರ್ ಇಲ್ಲದ ತರಗತಿಯಲ್ಲಿ ಗಣನಾತ್ಮಕ ಚಿಂತನೆ: ಇದು ಪಾಠವೇ, ಬರೀ ಆಟವೇ?

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮ್ಮಲ್ಲಿರುವ ಒಂದೇ ಕಂಪ್ಯೂಟರ್ ಕಚೇರಿಯ ಕೆಲಸಕ್ಕೆ ಮೀಸಲು. ಕಾಗದ, ಬೀಜ, ಸೀಮೆಸುಣ್ಣಗಳ ಆಟಗಳಿಂದಲೇ ಮಕ್ಕಳಿಗೆ ಗಣನಾತ್ಮಕ ಚಿಂತನೆಯನ್ನು ಕಲಿಸಬಹುದು ಎನ್ನುತ್ತಾರೆ. ಅದು ನಿಜವಾಗಿಯೂ ಕಂಪ್ಯೂಟರ್ ವಿಜ್ಞಾನದ ಕಲಿಕೆಯೇ, ಅಥವಾ ಆಟಕ್ಕೆ ಕೊಟ್ಟ ದೊಡ್ಡ ಹೆಸರೇ?

ಉತ್ತರ: ಎರಡೂ ಆಗಬಹುದು. ಯಾವುದಾಗುತ್ತದೆ ಎಂಬುದನ್ನು ನಿರ್ಧರಿಸುವುದು ಆಟಕ್ಕಿಂತ ಹೆಚ್ಚಾಗಿ, ಆಟ ನಿಂತ ಮೇಲೆ ನೀವು ಕೇಳುವ ಪ್ರಶ್ನೆಗಳು.

ಗಣನಾತ್ಮಕ ಚಿಂತನೆಗೆ ಇಂಗ್ಲಿಷಿನಲ್ಲಿರುವ ಕಂಪ್ಯೂಟೇಶನಲ್ ಥಿಂಕಿಂಗ್ ಎಂಬ ಪದವನ್ನು ಗಣಿತಜ್ಞ ಸೀಮೋರ್ ಪ್ಯಾಪರ್ಟ್ 1980ರಲ್ಲಿಯೇ ಬಳಸಿದ್ದರೂ, ಅದು ಶಾಲಾ ಶಿಕ್ಷಣದ ಚರ್ಚೆಯೊಳಗೆ ವ್ಯಾಪಕವಾಗಿ ಬಂದದ್ದು 2006ರಲ್ಲಿ ಕಂಪ್ಯೂಟರ್ ವಿಜ್ಞಾನಿ ಜೆನೆಟ್ ವಿಂಗ್ ಬರೆದ ಕಿರು ಲೇಖನದ ನಂತರ. ಸಮಸ್ಯೆಯನ್ನು ತುಂಡು ಮಾಡಿಕೊಳ್ಳುವುದು, ಬೇಡದ ವಿವರಗಳನ್ನು ಬಿಡುವುದು, ಮರಳಿ ಮರಳಿ ಬರುವುದನ್ನು ಗುರುತಿಸುವುದು, ಕೊನೆಗೆ ಸ್ವಂತ ಬುದ್ಧಿಯಿಲ್ಲದ ಯಂತ್ರವೂ ಪಾಲಿಸಬಲ್ಲಷ್ಟು ಸ್ಪಷ್ಟವಾಗಿ ಹಂತಗಳನ್ನು ಹೇಳುವುದು, ಇವೆಲ್ಲ ಸೇರಿ ಆ ಚಿಂತನೆ. ನಮ್ಮ ಅಂಗಳಗಳಿಗೆ ಇದು ಅಪರಿಚಿತವೇನಲ್ಲ. ‘15ರಿಂದ 8, ಸಂದು ಚುಕ್ಕಿ’ ಎಂದರೆ ಸಾಕು, ರಂಗೋಲಿ ಹಾಕುವವರು ನಡುವಿನ ಸಾಲಿಗೆ 15 ಚುಕ್ಕಿ ಇಟ್ಟು, ಎರಡೂ ಬದಿಗೆ ಒಂದೊಂದು ಕಡಿಮೆ ಮಾಡುತ್ತ 8ಕ್ಕೆ ನಿಲ್ಲಿಸುತ್ತಾರೆ. ಒಟ್ಟು 169 ಚುಕ್ಕಿಗಳ ಸ್ಥಾನ ಆ ಒಂದು ಸಾಲಿನ ಸೂಚನೆಯಲ್ಲಿ ಅಡಗಿದೆ.

ಪರದೆಯಿಲ್ಲದೆ ಕಲಿಸುವ ಆಟಗಳಲ್ಲಿ ಹೆಚ್ಚು ಹೆಸರಾದವು ನ್ಯೂಜಿಲೆಂಡಿನ ಕ್ಯಾಂಟರ್ಬರಿ ವಿಶ್ವವಿದ್ಯಾಲಯದ ಟಿಮ್ ಬೆಲ್ ಅವರು ಮೈಕ್ ಫೆಲೋಸ್, ಇಯಾನ್ ವಿಟ್ಟನ್ ಅವರೊಂದಿಗೆ 1990ರ ದಶಕದಲ್ಲಿ ರೂಪಿಸಿದ ‘ಸಿಎಸ್ ಅನ್‌ಪ್ಲಗ್ಡ್’ ಚಟುವಟಿಕೆಗಳು. ಅವುಗಳಲ್ಲಿ ಅತಿ ಸರಳವಾದದ್ದಕ್ಕೆ ಐದು ರಟ್ಟಿನ ಚೂರುಗಳು ಸಾಕು. ಒಂದೊಂದರ ಮೇಲೆ ಕ್ರಮವಾಗಿ 16, 8, 4, 2, 1 ಚುಕ್ಕಿಗಳನ್ನು ಬರೆದು, ಐವರು ಮಕ್ಕಳ ಕೈಗೆ ಕೊಟ್ಟು ಸಾಲಾಗಿ ನಿಲ್ಲಿಸಿ. ‘ಒಂಬತ್ತು’ ಎಂದು ಕೂಗಿದರೆ 8 ಮತ್ತು 1 ಹಿಡಿದವರು ಚುಕ್ಕಿ ಕಾಣುವಂತೆ ಎತ್ತಿ ಹಿಡಿಯಬೇಕು, ಉಳಿದವರು ಚೂರಿನ ಹಿಂಬದಿ ತೋರಿಸಬೇಕು. ಕಂಡದ್ದಕ್ಕೆ 1, ಕಾಣದ್ದಕ್ಕೆ 0 ಎಂದು ಬರೆದರೆ 01001 ಸಿಗುತ್ತದೆ. ಇಲ್ಲಿಗೇ ನಿಲ್ಲಿಸಿದರೆ ಮಕ್ಕಳು ಆಡಿದಂತಾಯಿತು, ಅಷ್ಟೆ. ಒಂಬತ್ತನ್ನು ಬೇರೆ ರೀತಿಯಲ್ಲಿ ತೋರಿಸಬಹುದೇ ಎಂದು ಕೇಳಿದಾಗ ಪಾಠ ಆರಂಭವಾಗುತ್ತದೆ. ಮಕ್ಕಳು ಹುಡುಕುತ್ತಾರೆ, ಸಿಗುವುದಿಲ್ಲ. 16ರ ಚೂರನ್ನು ಕಿತ್ತುಕೊಂಡು, ಉಳಿದ ನಾಲ್ಕರಿಂದ 16 ಮಾಡಿ ಎನ್ನಿ. ಎಲ್ಲವನ್ನೂ ಎತ್ತಿದರೂ 15 ಮಾತ್ರ. ಪ್ರತಿ ಚೂರೂ ತನ್ನ ಬಲಗಡೆಯ ಎಲ್ಲವುಗಳ ಮೊತ್ತಕ್ಕಿಂತ ಒಂದು ಹೆಚ್ಚು ಎಂಬುದನ್ನು ಮಗು ತಾನೇ ಕಂಡುಕೊಂಡರೆ, ಬೈನರಿಯಲ್ಲಿ, ಅಂದರೆ 0 ಮತ್ತು 1 ಮಾತ್ರ ಬಳಸುವ ಈ ಬರಹದಲ್ಲಿ, ಪ್ರತಿ ಸಂಖ್ಯೆಗೂ ಒಂದೇ ರೂಪ ಏಕೆ ಎಂಬುದು ಅದಕ್ಕೆ ತಿಳಿದಂತೆ.

ಎರಡನೆಯ ಆಟ ನನಗೆ ಹೆಚ್ಚು ಇಷ್ಟ, ಏಕೆಂದರೆ ಅದರಲ್ಲಿ ತಪ್ಪು ಹುಡುಕುವುದೇ ಮುಖ್ಯ ಕೆಲಸ. ಅಂಗಳದಲ್ಲಿ ಸೀಮೆಸುಣ್ಣದಿಂದ ನಾಲ್ಕು ಸ್ಥಾನಗಳನ್ನು ಗುರುತಿಸಿ, ನಾಲ್ವರು ಮಕ್ಕಳ ಕೈಗೆ ಒಂದೊಂದು ಪದದ ಚೀಟಿ ಕೊಡಿ. ಇಬ್ಬರು ಎದುರಾದಾಗಲೆಲ್ಲ ಅಕಾರಾದಿಯಲ್ಲಿ ಮೊದಲು ಬರುವ ಪದದವರು ಎಡಕ್ಕೆ, ಇನ್ನೊಬ್ಬರು ಬಲಕ್ಕೆ. ಮೊದಲು 1 ಮತ್ತು 2ನೆಯ ಸ್ಥಾನದವರು ಹೋಲಿಸಿಕೊಳ್ಳುತ್ತಾರೆ, ಅದೇ ಹೊತ್ತಿಗೆ 3 ಮತ್ತು 4ನೆಯವರೂ. ನಂತರ 1 ಮತ್ತು 3, ಜೊತೆಗೇ 2 ಮತ್ತು 4. ಕೊನೆಗೆ 2 ಮತ್ತು 3. ಐದೇ ಹೋಲಿಕೆಗಳಲ್ಲಿ, ಮಕ್ಕಳು ಯಾವ ಕ್ರಮದಲ್ಲಿ ನಿಂತು ಆರಂಭಿಸಿದ್ದರೂ, ಪದಗಳು ನಿಘಂಟಿನ ಕ್ರಮಕ್ಕೆ ಬರುತ್ತವೆ. ಈಗ ಕೊನೆಯ ಹೋಲಿಕೆಯನ್ನು ಅಳಿಸಿ ಮತ್ತೆ ಆಡಿಸಿ. ಕೆಲವು ಸಲ ಸರಿಯಾಗಿಯೇ ಬರುತ್ತದೆ, ಮಕ್ಕಳು ಅದು ಬೇಡವೇ ಇತ್ತು ಎನ್ನುತ್ತಾರೆ. ನಾಲ್ವರು ನಿಲ್ಲಬಹುದಾದ 24 ಬಗೆಗಳನ್ನು ಗುಂಪುಗಳಿಗೆ ಹಂಚಿ ಒಂದೊಂದನ್ನೂ ಪರೀಕ್ಷಿಸಲು ಬಿಟ್ಟರೆ, 8ರಲ್ಲಿ ಸರಿ, 16ರಲ್ಲಿ ತಪ್ಪು ಎಂಬ ಲೆಕ್ಕ ಅವರಿಗೇ ಸಿಗುತ್ತದೆ. ಒಂದೆರಡು ಉದಾಹರಣೆಗೆ ಸರಿಹೊಂದಿದ ವಿಧಾನವನ್ನು ನಂಬಬಾರದು ಎಂಬ ಈ ತಿಳಿವಳಿಕೆಯನ್ನು ಪ್ರೋಗ್ರಾಂ ಬರೆಯುವವರು ಎಷ್ಟೋ ಸಲ ಪೆಟ್ಟು ತಿಂದ ಮೇಲೆ ಕಲಿಯುತ್ತಾರೆ.

ಆಟಗಳನ್ನು ಹೊರಗಿನಿಂದಲೇ ತರಬೇಕೆಂದೂ ಇಲ್ಲ. ಅಳಗುಳಿಮಣೆಯಲ್ಲಿ (ಕರಾವಳಿಯವರಿಗೆ ಚೆನ್ನೆಮಣೆ) ಏಳೇಳು ಗುಳಿಗಳ ಎರಡು ಸಾಲು. ಒಂದು ಗುಳಿಯ ಕಾಯಿಗಳನ್ನು ತೆಗೆದು ಮುಂದಿನವುಗಳಿಗೆ ಒಂದೊಂದಾಗಿ ಹಾಕುತ್ತ ಹೋಗಿ, ಕೈ ಖಾಲಿಯಾದಾಗ ಮುಂದಿನ ಗುಳಿಯಿಂದ ಮತ್ತೆ ಎತ್ತಿಕೊಳ್ಳುವುದು, ಮುಂದಿನದು ಬರಿದಾಗಿದ್ದರೆ ನಿಲ್ಲುವುದು: ‘ಇಂಥದ್ದು ಆಗುವವರೆಗೆ ಪುನರಾವರ್ತಿಸು’ ಎಂಬ ಆಜ್ಞೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಂಡಿಲ್ಲ. ಊರಿಂದ ಊರಿಗೆ ನಿಯಮ ಬದಲಾಗುವುದು ಇಲ್ಲಿ ಅನುಕೂಲವೇ. ಪ್ರತಿ ಮಗುವೂ ತನ್ನ ಮನೆಯ ನಿಯಮವನ್ನು ಬರೆದು ತಂದು, ಆಟ ಗೊತ್ತಿಲ್ಲದ ಇನ್ನೊಂದು ಮಗು ಅದನ್ನು ಅಕ್ಷರಶಃ ಪಾಲಿಸಲಿ. ‘ಮುಂದಿನ ಗುಳಿ’ ಎಂದರೆ ಎಡಕ್ಕೋ ಬಲಕ್ಕೋ, ಸಾಲಿನ ತುದಿ ಮುಟ್ಟಿದಾಗ ಎತ್ತ ತಿರುಗಬೇಕು ಎಂದು ಬರೆಯಲು ಮರೆತದ್ದು ಎರಡನೆಯ ನಿಮಿಷದಲ್ಲೇ ಬಯಲಾಗುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಗಣನಾತ್ಮಕ ಚಿಂತನೆಗೆ ಬುನಾದಿ ಹಂತದಿಂದಲೇ ಒತ್ತು ಕೊಡಬೇಕೆಂದೂ ಒಗಟು ಮತ್ತು ಆಟಗಳನ್ನು ನಿಯಮಿತವಾಗಿ ಬಳಸಬೇಕೆಂದೂ ಹೇಳುತ್ತದೆ, ಆದ್ದರಿಂದ ಮೇಲಧಿಕಾರಿಗಳು ಕೇಳಿದರೆ ನಿಮ್ಮ ಬಳಿ ಉತ್ತರವಿದೆ. ನಲಿ-ಕಲಿ ತರಗತಿ ನಡೆಸಿದವರಿಗಂತೂ ಗುಂಪು ಮಾಡುವುದು, ಕಾರ್ಡು ಹಂಚುವುದು ಹೊಸತಲ್ಲ. ಇದಕ್ಕೆಂದು ಮಾರಾಟವಾಗುವ ದುಬಾರಿ ಕಿಟ್‌ಗಳ ಅಗತ್ಯ ನನಗೆ ಕಾಣುವುದಿಲ್ಲ.

ಒಂದು ಮಿತಿಯನ್ನು ಮಾತ್ರ ಮುಚ್ಚಿಡಬಾರದು. ಆಟದಲ್ಲಿ ತಪ್ಪಿದಾಗ ಗೆಳೆಯರು ಅರ್ಥಮಾಡಿಕೊಂಡು ಸರಿಪಡಿಸಿಬಿಡುತ್ತಾರೆ, ಯಂತ್ರ ಹಾಗೆ ಮಾಡುವುದಿಲ್ಲ. ಪ್ರೋಗ್ರಾಂ ಬರೆದು ಓಡಿಸಿದಾಗ ಸಿಗುವ ಆ ನಿಷ್ಠುರ ಉತ್ತರಕ್ಕೆ ಪರದೆರಹಿತ ಆಟ ಪೂರ್ಣ ಬದಲಿಯಲ್ಲ, ಆದ್ದರಿಂದ ಮುಂದಿನ ತರಗತಿಗಳಲ್ಲಿ ಮಕ್ಕಳಿಗೆ ಕಂಪ್ಯೂಟರ್ ಸಿಗಲೇಬೇಕು. ಅಲ್ಲಿಯವರೆಗೆ ಒಂದು ಉಪಾಯ ಮಾಡಬಹುದು: ಪ್ರತಿ ಗುಂಪಿನಲ್ಲೂ ಒಂದು ಮಗುವನ್ನು ‘ಯಂತ್ರ’ವೆಂದು ನೇಮಿಸಿ, ಚೀಟಿಯಲ್ಲಿ ಬರೆದದ್ದನ್ನು ಬಿಟ್ಟು ಬೇರೇನನ್ನೂ ಮಾಡಬಾರದು, ಅರ್ಥವಾಗದಿದ್ದರೆ ಇದ್ದಲ್ಲೇ ನಿಲ್ಲಬೇಕು ಎಂದು ಹೇಳಿ. ಮೌಲ್ಯಮಾಪನಕ್ಕೂ ಬೇರೆ ಪ್ರಶ್ನೆಪತ್ರಿಕೆ ಬೇಡ. ಚೀಟಿಯ ಮೊದಲ ಪ್ರತಿಯನ್ನೂ, ‘ಯಂತ್ರ’ ನಿಂತ ಮೇಲೆ ತಿದ್ದಿ ಬರೆದ ಪ್ರತಿಯನ್ನೂ ಜೊತೆಗಿಟ್ಟು ಓದಿದರೆ, ಯಾವ ಮಗು ಎಲ್ಲಿ ಏನನ್ನು ಕಲಿತಿದೆ ಎಂಬುದು ಅದರ ಕೈಬರಹದಲ್ಲೇ ಇರುತ್ತದೆ.